ಇಳಿಯುವವರ ಮುಂದೆ ಅಳಬಾರದು

ನಮ್ಮ ಲೈನಿನಲ್ಲಿ ಒಂದು ಕಟ್ಟಳೆ ಇತ್ತು. ಗಣಿಗೆ ಇಳಿಯುವ ಗಂಡಸಿನ ಮುಂದೆ ಮನೆಯ ಹೆಂಗಸರು ಕಣ್ಣೀರು ಹಾಕಬಾರದು. ಬೇಕಾದರೆ ಅವನು ಹೋದ ಮೇಲೆ ಅಳಿ, ಒಲೆ ಮುಂದೆ ಕೂತು ಹೊಗೆಯ ಮೇಲೆ ತಪ್ಪು ಹೊರಿಸಿ ಅಳಿ. ಅವನು ಹೊಸ್ತಿಲು ದಾಟುವಾಗ ಮಾತ್ರ ಮುಖ ಅರಳಿರಬೇಕು. ಮನೆಯ ಚಿಂತೆ ತಲೆಯಲ್ಲಿಟ್ಟುಕೊಂಡು ಇಳಿದವನ ಕೈ ತಪ್ಪುತ್ತದೆ, ಕಾಲು ತಪ್ಪುತ್ತದೆ, ಬಂಡೆ ಕೊಡುವ ಸೂಚನೆ ಕಿವಿಗೆ ಬೀಳುವುದಿಲ್ಲ ಎಂಬುದು ಅದರ ಹಿಂದಿನ ಯೋಚನೆ. ಆ ಯೋಚನೆಯಲ್ಲಿ ಬುದ್ಧಿ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಬುದ್ಧಿವಂತಿಕೆಯ ಮಾತಿಗೆ ಹತ್ತು ವರ್ಷ ವಯಸ್ಸಾದರೆ ಶಾಸ್ತ್ರವಾಗುತ್ತದೆ, ಇಪ್ಪತ್ತಾದರೆ ಶಾಪವಾಗುತ್ತದೆ. ನಾನು ನೋಡಿದ್ದು ಹಾಗೆ.

ನಮ್ಮದು ಚಿನ್ನದ ಗಣಿಯ ಕೋರಮಂಡಲ್ ಕಡೆಯ ಲೈನು ಮನೆ. ಒಂದೇ ಸೂರಿನ ಕೆಳಗೆ ಸಾಲಾಗಿ ಮನೆಗಳು, ನಡುವೆ ಬಿದಿರಿನ ತಟ್ಟಿ. ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆಯವರು ಸೀನುತ್ತಿದ್ದರು. ಅಪ್ಪ ಕಾಮಸಮುದ್ರದ ಹತ್ತಿರದ ಹಳ್ಳಿಯಿಂದ ಬಂದು ಗಣಿಗೆ ಸೇರಿದವನು. ನೆಲದೊಳಗೆ ತಲೆಯ ಮೇಲಿನ ಬಂಡೆ ಕುಸಿಯದ ಹಾಗೆ ಮರದ ದಿಮ್ಮಿಗಳನ್ನು ಆನಿಸಿ ನಿಲ್ಲಿಸುವುದು ಅವನ ಕೆಲಸ. ದೊಡ್ಡವನಾದ ಮೇಲೆ ಅಣ್ಣನೂ ಅದೇ ಗಣಿಗೆ ಇಳಿದ.

ಶಿಫ್ಟು ವಾರಕ್ಕೊಮ್ಮೆ ಬದಲಾಗುತ್ತಿತ್ತು. ಒಂದು ವಾರ ಬೆಳಗಿನದು, ಒಂದು ವಾರ ಮಧ್ಯಾಹ್ನದ್ದು, ಇನ್ನೊಂದು ವಾರ ರಾತ್ರಿಯದು. ಹಾಗಾಗಿ ನಮ್ಮ ಮನೆಯ ಗಂಡಸರು ಯಾವಾಗ ನೋಡಿದರೂ ಒಂದೋ ಇಳಿಯುವುದಕ್ಕೆ ಹೊರಟಿರುತ್ತಿದ್ದರು, ಇಲ್ಲವೇ ಇಳಿದು ಬಂದು ಮಲಗಿರುತ್ತಿದ್ದರು. ಹೊರಟವರ ಮನಸ್ಸು ಕೆಡಿಸಬಾರದು, ಮಲಗಿದವರ ನಿದ್ದೆ ಕೆಡಿಸಬಾರದು. ಇವೆರಡರ ನಡುವೆ ಊಟ. ಊಟದ ಮುಂದೆ ಅಳುವುದಂತೂ ಅಪಶಕುನ. ಅಂದಮೇಲೆ ಅಪ್ಪನಿಗೆ ಏನಾದರೂ ಹೇಳಿಕೊಳ್ಳಲು ಹೊತ್ತು ಅಂತ ಒಂದು ಇರಲೇ ಇಲ್ಲ. ಹಾಗೆ ಇರಲಿಲ್ಲ ಅನ್ನುವುದು ಕೂಡ ಆಗ ನಮಗೆ ಹೊಳೆದಿರಲಿಲ್ಲ.

ನನಗೆ ಹತ್ತೊಂಬತ್ತು, ಅಣ್ಣನಿಗೆ ಇಪ್ಪತ್ತಮೂರು. ಐವತ್ತರ ದಶಕದ ಕೊನೆಯ ದಿನಗಳು. ನಾನು ಮನೆಯಲ್ಲೇ ಕಾಲಲ್ಲಿ ತುಳಿಯುವ ಮಿಷನ್ನು ಇಟ್ಟುಕೊಂಡು ಲೈನಿನ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದೆ. ಅಪ್ಪ ನನ್ನನ್ನು ಟೈಲರಮ್ಮ ಅಂತಲೇ ಕರೆಯುತ್ತಿದ್ದ. ಕೆಲಸದಿಂದ ಬಂದವನು ನನ್ನ ತಲೆಯ ಮೇಲೆ ಕೈಯಿಟ್ಟು, "ಏನವ್ವಾ ಟೈಲರಮ್ಮ, ನಂಗೊಂದು ಕೋಟು ಒಲ್ಕೊಡ್ತೀಯಾ?" ಅಂತ ರೇಗಿಸಿಯೇ ಒಳಗೆ ಹೋಗಬೇಕು. ದಿನಾ ಅದೇ ಮಾತು. ಕೋಟು ಹಾಕುವ ಆಸೆ ಅವನಿಗೂ ಇರಲಿಲ್ಲ, ಹೊಲಿಯುವ ವಿದ್ಯೆ ನನಗೂ ಇರಲಿಲ್ಲ.

ಆ ಬೆಳಿಗ್ಗೆಯ ಜಗಳ ಒಂದು ಕತ್ತರಿಯದು. ನನ್ನ ಕತ್ತರಿ ಮೊಂಡಾಗಿತ್ತು. ಅಣ್ಣ ಅದನ್ನು ಆಂಡರ್ಸನ್‌ಪೇಟೆಯ ಸಾಣೆಯವನಿಗೆ ಕೊಟ್ಟು ಬಂದು ನಾಲ್ಕು ದಿನವಾಗಿತ್ತು. ಆವತ್ತು ಸಂಜೆಗೆ ಮದುವೆ ಮನೆಯ ರವಿಕೆಗಳು ಆಗಬೇಕು. ಕೇಳಿದರೆ, "ಅಯ್ಯೋ, ಮರ್ತೇ ಓದೆ ಕಣೆ" ಅಂದ. ಸಿಟ್ಟು ಬಂದರೆ ನನಗೆ ಬಾಯಿಗಿಂತ ಮೊದಲು ಕಣ್ಣು ಕೆಲಸ ಮಾಡುತ್ತದೆ. ಹೊಸ್ತಿಲಲ್ಲೇ ನಿಂತು ಜೋರಾಗಿ ಅತ್ತೆ. ಅವನು ಟೋಪಿ ಹಾಕಿಕೊಂಡು ಬುತ್ತಿ ಹಿಡಿದು ಹೊರಟಿದ್ದ. ಒಳಗಿನಿಂದ ಅಮ್ಮ, "ಬಾಯ್ಮುಚ್ಚೇ, ಅವನು ಇಳಿಯೋನು" ಅಂತ ಗದರಿದಳು. ಅಣ್ಣ ನಕ್ಕು ನನ್ನ ಜಡೆ ಎಳೆದು, "ಅಳ್ಬೇಡ ಕಣೆ, ಸಂಜೆ ಬರೋವಾಗ ತತ್ತೀನಿ" ಅಂದು ಹೋದ. ಅಪ್ಪನಿಗೆ ಆ ವಾರ ರಾತ್ರಿ ಶಿಫ್ಟು. ಆಗತಾನೇ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ನಿದ್ದೆ ಹೋಗಿದ್ದಾನೆ ಅಂದುಕೊಂಡೆ.

ಹನ್ನೊಂದು ಗಂಟೆಯ ಹೊತ್ತಿಗೆ ಗೋಡೆಯ ಹಲಗೆಯ ಮೇಲಿನ ಪಾತ್ರೆಗಳು ಗಲಗಲ ಅಲ್ಲಾಡಿದವು. ಒಳಗೆ ಎಲ್ಲೋ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಗಳು ನಡುಗುತ್ತಿದ್ದವು. ತಿಂಗಳಿಗೆ ಒಂದೆರಡು ಸಲ ಅದು ಮಾಮೂಲು. ಪಾತ್ರೆ ಸುಮ್ಮನಾಗುವ ತನಕ ಉಸಿರು ಬಿಗಿಹಿಡಿದು, ಅಪಘಾತದ ಸೈರನ್ನು ಕೂಗದಿದ್ದರೆ ಮತ್ತೆ ಸೊಪ್ಪು ಬಿಡಿಸುವುದಕ್ಕೆ ಕೂರುತ್ತಿದ್ದೆವು. ಆವತ್ತು ಸೈರನ್ನು ಕೂಗಿತು. ಎಲ್ಲರೂ ಗಣಿಯ ಬಾಯಿಗೆ ಹೋದೆವು. ಮೂವರನ್ನು ಮೇಲೆ ತಂದರು. ಅಣ್ಣ ಮೂರನೆಯವನು.

ನನ್ನ ಅಳು ತಟ್ಟಿಯ ಆಚೆಗೆಲ್ಲ ಕೇಳಿತ್ತಲ್ಲ. ಎದುರಿಗೆ ಯಾರೂ ಏನೂ ಅನ್ನಲಿಲ್ಲ, ಅಷ್ಟು ಕೆಟ್ಟ ಜನ ಅಲ್ಲ ಅವರು. ಆದರೆ ಒಂದು ದಿನ ನಲ್ಲಿಯ ಹತ್ತಿರ ಒಬ್ಬ ಮುದುಕಿ ಇನ್ನೊಬ್ಬಳಿಗೆ, "ಅಳ್ತಾ ಕಳಿಸಿದ್ರೆ ಇಂಗೇ ಆಗೋದು" ಅಂದದ್ದು ನನ್ನ ಕಿವಿಗೆ ಬಿತ್ತು. ನಾನು ಕೊಡ ಅಲ್ಲೇ ಬಿಟ್ಟು ಬಂದೆ. ಅದನ್ನು ಆಮೇಲೆ ಯಾರು ತಂದು ಮನೆ ಮುಂದೆ ಇಟ್ಟರೋ ಗೊತ್ತಿಲ್ಲ.

ಅಮ್ಮ ನನ್ನನ್ನು ತಬ್ಬಿಕೊಂಡು ಅತ್ತಳು. ಅಪ್ಪ ಅಳಲಿಲ್ಲ, ಬೈಯಲೂ ಇಲ್ಲ. ನನ್ನ ಮುಖ ನೋಡುವುದನ್ನೇ ಬಿಟ್ಟುಬಿಟ್ಟ. ಬಂದರೆ ನೇರ ಒಳಗೆ. ತಲೆಯ ಮೇಲೆ ಕೈ ಇಲ್ಲ, ಟೈಲರಮ್ಮ ಇಲ್ಲ, ಕೋಟಿನ ಮಾತು ಇಲ್ಲ. ತಟ್ಟೆ ಇಟ್ಟರೆ ತಟ್ಟೆಯನ್ನೇ ನೋಡುತ್ತಾ ಮುದ್ದೆ ನುಂಗುತ್ತಿದ್ದ. ಹೀಗೆ ಹನ್ನೊಂದು ತಿಂಗಳು ನಡೆಯಿತು. ಅವನು ಬಾಯಿಬಿಟ್ಟು ನೀನೇ ಕೊಂದೆ ಅಂದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಆ ಹನ್ನೊಂದು ತಿಂಗಳಲ್ಲಿ ನನ್ನೊಳಗೆ ಒಂದು ಯೋಚನೆ ನಿಧಾನಕ್ಕೆ ಬೇರು ಬಿಟ್ಟಿತು. ನಾನು ಇಲ್ಲದೇ ಹೋದರೆ ಅಪ್ಪ ಮತ್ತೆ ತಲೆಯೆತ್ತಿ ನೋಡುತ್ತಾನೆ, ಮನೆ ಹಗುರಾಗುತ್ತದೆ. ಈಗ ಹೇಳಿದರೆ ಹುಚ್ಚು ಮಾತು ಅನ್ನಿಸುತ್ತದೆ. ಆಗ ಅದು ಟೇಪು ಹಿಡಿದು ಅಳತೆ ತೆಗೆದಷ್ಟು ಸರಿಯಾಗಿ ಕಾಣುತ್ತಿತ್ತು. ಸಾಯಬೇಕು ಅಂತ ತೀರ್ಮಾನ ಮಾಡಿಬಿಟ್ಟೆ. ಹೇಗೆ ಅನ್ನುವುದನ್ನು ಬರೆಯುವುದಿಲ್ಲ, ಅದರಿಂದ ಯಾರಿಗೂ ಉಪಯೋಗವಿಲ್ಲ. ತೀರ್ಮಾನ ಆದ ಮೇಲೆ ನನಗೆ ಒಂಥರಾ ನೆಮ್ಮದಿ ಬಂತು. ಅಮ್ಮ ಅದನ್ನು ನೋಡಿ, ಮಗಳು ಚೇತರಿಸಿಕೊಂಡಳು ಅಂದುಕೊಂಡು ದೇವರಿಗೆ ಕಾಯಿ ಒಡೆಸಿದಳು.

ಮೋಸ ಹೋಗದವಳು ತಟ್ಟಿಯಾಚೆಯ ತಮಿಳು ಅಕ್ಕ ಒಬ್ಬಳೇ. ಆ ವಾರ ನಾನು ಒಪ್ಪಿಕೊಂಡಿದ್ದ ರವಿಕೆಗಳನ್ನೆಲ್ಲ ಮುಗಿಸಿ, ಉಳಿದ ತುಂಡು ಬಟ್ಟೆಗಳನ್ನು ಗಂಟು ಕಟ್ಟಿ ಅವರವರಿಗೆ ತಲುಪಿಸಿದ್ದೆ. ಕೊನೆಗೆ ನನ್ನ ಅಳತೆ ಟೇಪು, ಸೀಮೆಸುಣ್ಣ, ದಾರದ ಉಂಡೆಗಳನ್ನು ತೆಗೆದುಕೊಂಡು ಹೋಗಿ, "ನೀವೇ ಇಟ್ಕಳ್ಳಿ ಅಕ್ಕ" ಅಂತ ಅವಳ ಕೈಗಿಟ್ಟೆ. ಅಕ್ಕ ಟೇಪನ್ನೂ ನೋಡಿದಳು, ನನ್ನನ್ನೂ ನೋಡಿದಳು.

"ಟೇಪ್ ಕೊಟ್ಬಿಟ್ರೆ ಟೈಲರ್ ನಾಳೆ ಏನ್ ಮಾಡ್ತಾಳೆ, ಕಣ್ಣಮ್ಮಾ?" ಅಂದಳು.

ನಾನು ತಿರುಗಿ ಹೊರಡಲು ನೋಡಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು. ಸೌಟು ಹಿಡಿದು ಗಟ್ಟಿಯಾದ ಕೈ ಅದು. ಹಿಡಿದ ಕೈ ಬಿಡದೆ ನನ್ನನ್ನು ನಮ್ಮ ಮನೆಗೇ ಎಳೆದುಕೊಂಡು ಬಂದಳು. ಅಪ್ಪ ಮಧ್ಯಾಹ್ನದ ಶಿಫ್ಟಿಗೆ ಹೊರಟು ಟೋಪಿ ಕೈಗೆ ತೆಗೆದುಕೊಂಡಿದ್ದ. ಅಮ್ಮ ಬಾಗಿಲಲ್ಲೇ ಕಣ್ಸನ್ನೆ ಮಾಡಿದಳು, ಈಗ ಬೇಡ ಅಂತ. ಅಕ್ಕ ಲಕ್ಷ್ಯ ಮಾಡಲಿಲ್ಲ.

"ಅಣ್ಣಾ, ನಿಮ್ ಪೊಣ್ಣು ಸಾಯೋಕೆ ನೋಡ್ತಾ ಇದೆ," ಅಂದಳು. "ಶಿಫ್ಟ್ ಮುಂದೆ ಈ ಮಾತು ಹೇಳಬಾರ್ದು, ನಂಗೂ ಗೊತ್ತು. ಬೇರೆ ಟೈಮ್ ಯಾವುದು ಇದೆ, ನೀವೇ ಹೇಳಿ."

ಅಪ್ಪ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಮೇಲೆ ಕೂತುಬಿಟ್ಟ. ಶಿಫ್ಟಿನ ಸೈರನ್ನು ಕೂಗಿತು, ಅವನು ಏಳಲಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ಜ್ವರವಿಲ್ಲದೆ ಅವನು ಶಿಫ್ಟು ತಪ್ಪಿಸಿದ್ದು ಅದೇ ಮೊದಲು.

ಅಕ್ಕನ ತಂಗಿ ಬಂಗಾರಪೇಟೆಯಲ್ಲಿ ಒಬ್ಬ ಡಾಕ್ಟರಮ್ಮನ ದವಾಖಾನೆಯಲ್ಲಿ ಆಯಾ ಆಗಿದ್ದಳು. ಮರುದಿನ ಬೆಳಿಗ್ಗೆ ಅಪ್ಪ, ನಾನು, ಅಕ್ಕ ಮೂವರೂ ರೈಲು ಹತ್ತಿದೆವು. ಅಪ್ಪ ಬಗಲಿಗೆ ಒಂದು ಚೀಲ ಹಾಕಿಕೊಂಡಿದ್ದ. ಅದರಲ್ಲಿ ತೊಳೆದು ಒಣಗಿಸಿದ ಖಾಲಿ ಸೀಸೆ. ಆಗೆಲ್ಲ ದವಾಖಾನೆಗೆ ಹೋಗುವವರು ಔಷಧಿಯ ನೀರು ಹಾಕಿಸಿಕೊಳ್ಳಲು ತಮ್ಮ ಸೀಸೆ ತಾವೇ ಒಯ್ಯಬೇಕಿತ್ತು. ಮಗಳಿಗೆ ಸಾಯುವ ರೋಗ ಬಂದಿದೆ, ಅದಕ್ಕೂ ಕೆಂಪೋ ಹಸಿರೋ ಒಂದು ನೀರು ಇರಲೇಬೇಕು ಅಂತ ಅವನು ನಂಬಿದ್ದ. ಬಂಗಾರಪೇಟೆ ಬರುವ ತನಕ ಚೀಲದೊಳಗೆ ಸೀಸೆ ಗಡಗಡ ಅನ್ನುತ್ತಿತ್ತು.

ಡಾಕ್ಟರಮ್ಮ ಗಿಡ್ಡ ಹೆಂಗಸು, ದಪ್ಪ ಕನ್ನಡಕ, ನಡುವಯಸ್ಸು. ಬೆಂಗಳೂರಿನಲ್ಲಿ ಮನಸ್ಸಿನ ರೋಗದವರ ದೊಡ್ಡ ಆಸ್ಪತ್ರೆಯಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದವರು. ಬೆಳಿಗ್ಗೆ ಕೆಮ್ಮು, ಜ್ವರ, ಬಾಣಂತಿಯರು. ಮಧ್ಯಾಹ್ನದ ಮೇಲೆ ರೈಲು ಹಳಿಯ ಕಡೆಗಿದ್ದ ಹಿಂದಿನ ಕೋಣೆಯಲ್ಲಿ ನನ್ನಂಥವರು. ಊರಿನವರು ಅವರನ್ನು ಮಾತಿನ ಡಾಕ್ಟರಮ್ಮ ಅನ್ನುತ್ತಿದ್ದರು. ಅರ್ಧ ಗೌರವ, ಅರ್ಧ ಕುಚೋದ್ಯ.

ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಅವರು ನೆಟ್ಟಗೆ ಕೇಳಿದರು: "ಸಾಯಬೇಕು ಅಂತ ಯೋಚನೆ ಮಾಡ್ತಿದ್ದೀಯಾ?" ಅಲ್ಲಿಯವರೆಗೆ ನನ್ನನ್ನೇ ಯಾರೂ ಕೇಳಿರಲಿಲ್ಲ. ಅವರು ಅದನ್ನು ಹಸಿವಾಗಿದೆಯಾ ಅನ್ನುವಷ್ಟು ಸಲೀಸಾಗಿ ಕೇಳಿದ್ದಕ್ಕೆ ನಾನೂ ಹೌದು ಅಂದುಬಿಟ್ಟೆ. ಮುಂದಿನ ಪ್ರಶ್ನೆ ಯಾಕೆ ಅಂತ ಇರುತ್ತದೆ ಅಂದುಕೊಂಡಿದ್ದೆ. ಯಾಕೆ ಅನ್ನುವುದಕ್ಕೆ ಉತ್ತರ ಸಿದ್ಧವಾಗಿತ್ತು. ಅವರು ಅದನ್ನು ಕೇಳಲಿಲ್ಲ.

"ಅಷ್ಟು ನೋವಾದಾಗ ನಿಮ್ಮಪ್ಪನ ಹತ್ತಿರ ಯಾಕೆ ಹೋಗಲಿಲ್ಲ?" ಅಂದರು.

ನನಗೆ ನಗು ಬಂತು. ನಿಜವಾಗಿಯೂ ನಕ್ಕೆ. ಇಳಿಯುವವರ ಹತ್ತಿರ ಅಳುತ್ತಾ ಹೋಗುವುದುಂಟೇ, ಈ ದೊಡ್ಡ ಡಾಕ್ಟರಿಗೆ ಇಷ್ಟೂ ಗೊತ್ತಿಲ್ಲವೇ ಅಂತ. ಕಟ್ಟಳೆಯನ್ನು ವಿವರಿಸಿ ಹೇಳಿದೆ. ಹೇಳುತ್ತಾ ಹೇಳುತ್ತಾ ಕತ್ತರಿಯ ಮಾತು ಬಂತು, ಅಣ್ಣನ ಮಾತು ಬಂತು, ಅಪ್ಪ ಮುಖ ನೋಡದ ಮಾತು ಬಂತು. ಅವರು ಬುದ್ಧಿ ಹೇಳಲಿಲ್ಲ, ಹಾಗೆಲ್ಲ ಯೋಚಿಸಬಾರದು ಅನ್ನಲಿಲ್ಲ. ನನ್ನ ಮಾತು ಮುಗಿದ ಮೇಲೆ, "ಸಾಯುವ ಯೋಚನೆಯನ್ನು ಬಿಡು ಅಂದರೆ ನೀನು ಬಿಡಲಾರೆ. ನಿನ್ನ ಮತ್ತು ನಿಮ್ಮಪ್ಪನ ನಡುವೆ ಏನೋ ಕುಸಿದಿದೆ. ಮೊದಲು ಅದನ್ನು ತೆಗೆಯೋಣ," ಅಂದರು.

ಒಂದು ಚೀಟಿಯಲ್ಲಿ ಮೂರು ಗೆರೆ ಎಳೆದರು. ಆ ಯೋಚನೆ ಬಂದ ಕೂಡಲೇ ಯಾರಿಗೆ ಹೇಳುತ್ತೀಯ ಅಂದರು. ಅಕ್ಕ ಅಂದೆ, ಬರೆದರು. ಆಮೇಲೆ ಅಮ್ಮ ಅಂದೆ, ಬರೆದರು. ಮೂರನೆಯವರು? ನಾನು ಚೀಟಿಯನ್ನು ಅವರ ಕಡೆಗೆ ಸರಿಸಿದೆ. "ಈ ಜಾಗ ಖಾಲಿ ಇರಲಿ" ಅಂದು ಚೀಟಿ ಮಡಚಿ ನನ್ನ ಕೈಗಿಟ್ಟರು. ಹೊರಗೆ ಬಂದು ಅಕ್ಕನಿಗೂ ಅಪ್ಪನಿಗೂ, ಇವಳನ್ನು ಒಬ್ಬಳನ್ನೇ ಬಿಡಬೇಡಿ, ವಾರಕ್ಕೊಮ್ಮೆ ಕರೆದುಕೊಂಡು ಬನ್ನಿ ಅಂದರು. ಅಪ್ಪ ಚೀಲದಿಂದ ಸೀಸೆ ತೆಗೆದು ಮುಂದಿಟ್ಟ. ಡಾಕ್ಟರಮ್ಮ ಅದನ್ನು ನೋಡಿ, "ಮುಂದಿನ ವಾರ ನೋಡೋಣ" ಅಂದರು. ಪಾಪ, ಅಪ್ಪ ಪ್ರತಿ ವಾರ ಅದನ್ನು ಹೊತ್ತುಕೊಂಡು ಹೋದ, ಪ್ರತಿ ವಾರ ಖಾಲಿಯೇ ತಂದ.

ಮೊದಲ ಮೂರು ವಾರ ನಾನೊಬ್ಬಳೇ ಒಳಗೆ ಕೂತು ಮಾತಾಡಿದೆ. ಆಮೇಲಿನ ಎರಡು ವಾರ ನನ್ನನ್ನು ಹೊರಗೆ ಕೂರಿಸಿ ಅಪ್ಪನನ್ನು ಒಳಗೆ ಕರೆದರು. ರೋಗ ನನಗೆ ಬಂದಿದ್ದರೆ ಅವನನ್ನು ಯಾಕೆ ಕೂರಿಸುತ್ತಾರೆ ಅಂತ ನನಗೂ ಅವನಿಗೂ ಒಂದೇ ಅನುಮಾನ. ಒಳಗೆ ಏನು ನಡೆಯಿತು ಅನ್ನುವುದನ್ನು ಅವನು ಎಷ್ಟೋ ದಿನದ ಮೇಲೆ ಹೇಳಿದ. ನೀವು ಚಿಕ್ಕವರಿದ್ದಾಗ ಯಾರ ಹತ್ತಿರ ಅಳುತ್ತಿದ್ದಿರಿ ಅಂತ ಕೇಳಿದರಂತೆ. ಹನ್ನೆರಡನೇ ವಯಸ್ಸಿಗೆ ಅವನ ಅಪ್ಪ ತೀರಿಕೊಂಡಾಗ ಅತ್ತಿದ್ದಕ್ಕೆ ಚಿಕ್ಕಪ್ಪ ಕೆನ್ನೆಗೆ ಬಿಗಿದಿದ್ದನಂತೆ. ಅಲ್ಲಿಂದ ಈಚೆಗೆ ಅತ್ತಿದ್ದೇ ಇಲ್ಲ ಅಂದನಂತೆ. ಆಗ ಡಾಕ್ಟರಮ್ಮ, "ನಿಮ್ಮ ಮಗಳಿಗೂ ಹಾಗೇ ಆಗಲಿ ಅಂತೀರಾ?" ಅಂತ ಮಾತ್ರ ಕೇಳಿದರಂತೆ.

ಆಮೇಲೆ ಅವನಿಗೆ ಪಾಠ. ಮಗಳು ಮಾತಾಡುವಾಗ ನೀವು ಸಮಾಧಾನ ಹೇಳಬೇಡಿ, ಬುದ್ಧಿ ಹೇಳಬೇಡಿ, ನಿಮ್ಮ ತಪ್ಪಿಲ್ಲ ಅಂತ ಸಾಧಿಸಬೇಡಿ. ನಿಮ್ಮ ಬಾಯಲ್ಲಿ ಬರಬೇಕಾದ್ದು ಎರಡೇ ಮಾತು, ಹೂಂ, ಮತ್ತು ಇನ್ನೂ ಹೇಳು. ಅವಳೇ ಏನಾದರೂ ಕೇಳಿದರೆ ನಿಜ ಹೇಳಿ. ಅಪ್ಪ ಇದನ್ನು ಮಗ್ಗಿ ಉರುಹೊಡೆಯುವ ಹಾಗೆ ವಾರವೆಲ್ಲ ಅಭ್ಯಾಸ ಮಾಡಿದ. ರೈಲಿನಲ್ಲಿ ಕಿಟಕಿ ಕಡೆ ತಿರುಗಿಕೊಂಡು, "ಊಂ. ಇನ್ನೂ ಯೋಳು. ಊಂ. ಇನ್ನೂ ಯೋಳು" ಅಂತ ಗೊಣಗುತ್ತಿದ್ದ. ಎದುರಿಗೆ ಕೂತಿದ್ದ ಸೊಪ್ಪಿನ ಹೆಂಗಸು ಗಾಬರಿಯಾಗಿ ಬುಟ್ಟಿ ಎತ್ತಿಕೊಂಡು ಆಚೆ ಹೋಗಿ ಕೂತಳು.

ಆರನೇ ವಾರ ನಮ್ಮಿಬ್ಬರನ್ನೂ ಎದುರುಬದುರು ಕುರ್ಚಿಯಲ್ಲಿ ಕೂರಿಸಿದರು. ಅಪ್ಪನ ಮೊಣಕಾಲಿಗೂ ನನ್ನ ಮೊಣಕಾಲಿಗೂ ಒಂದು ಗೇಣು ಅಂತರ. ನಾನು ಅವನ ಅಂಗಿಯ ಗುಂಡಿ ನೋಡುತ್ತಾ ಕೂತೆ. ಮೂರನೆಯ ಗುಂಡಿ ನಾನೇ ಹಾಕಿದ್ದು, ಬಣ್ಣ ಬೇರೆ.

"ಅಪ್ಪ, ಆವತ್ತು ನಾನು ಅತ್ತಿದ್ದು ನಿಂಗೆ ಕೇಳಿಸ್ತಾ?" ಅಂದೆ.

"ಊಂ."

"ನನ್ನಿಂದಾನೇ ಅಣ್ಣ ಓದ ಅಂತ ಅಂದ್ಕಂಡ್ಯಾ?"

ಅಷ್ಟರಲ್ಲಿ ಕಿಟಕಿಯಾಚೆ ಗೂಡ್ಸು ಗಾಡಿ ಬಂತು. ಅದು ಹೋಗುವ ತನಕ ಆ ಕೋಣೆಯಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಅಪ್ಪನ ತುಟಿ ಅಲ್ಲಾಡಿದ್ದು ಕಂಡಿತು. ಆ ಸದ್ದಿನಲ್ಲೇ ಹೇಳಿ ಮುಗಿಸಿಬಿಟ್ಟಿದ್ದ, ಕಳ್ಳ. ಡಾಕ್ಟರಮ್ಮ ಕೊನೆಯ ಡಬ್ಬಿ ದಾಟುವ ತನಕ ಕಾದರು.

"ಯಜಮಾನ್ರೇ, ರೈಲಿಗೆ ಹೇಳಿದ್ದಾಯಿತು. ಈಗ ಮಗಳಿಗೆ ಹೇಳಿ," ಅಂದರು.

"ಅಂದ್ಕಂಡೆ," ಅಂದ ಅಪ್ಪ. "ಮೂರು ದಿನ ಅಂಗೇ ಅಂದ್ಕಂಡೆ."

ಈ ಮಾತು ಕೇಳಿದರೆ ಅಲ್ಲೇ ಸತ್ತುಹೋಗುತ್ತೇನೆ ಅಂತ ಹನ್ನೊಂದು ತಿಂಗಳು ನಾನು ಹೆದರಿದ್ದೆ. ಸಾಯಲಿಲ್ಲ. ಮುಳ್ಳು ಕಿತ್ತಾಗ ನೋವೂ ಹಿತವೂ ಒಟ್ಟಿಗೇ ಬರುತ್ತದಲ್ಲ, ಹಾಗಾಯಿತು. ನಾನು ಸುಮ್ಮಸುಮ್ಮನೆ ಕಲ್ಪಿಸಿಕೊಂಡಿರಲಿಲ್ಲ, ಅಷ್ಟು ನನಗೆ ಸಿಕ್ಕಿತು.

"ಆಮ್ಯಾಕೆ?" ಅಂದೆ.

"ನಾಕ್ನೇ ದಿನ ನಾಚ್ಕೆ ಆಯ್ತು. ಬಂಡೆ ಯಾರ ಮನೆ ಅಳು ಕೇಳಿಸ್ಕಂಡು ಬೀಳ್ತದೆ? ದಿಮ್ಮಿ ನಿಲ್ಸೋನು ನಾನು, ನಂಗೆ ಗೊತ್ತಿಲ್ವಾ? ಗೊತ್ತಿದ್ದೂ ಎತ್ತ ಮಗಳ ಮ್ಯಾಲೆ ಆಕ್ಬಿಟ್ನಲ್ಲಾ ಅಂತ. ಆಮ್ಯಾಕೆ ನಿನ್ ಮೊಕ ನೋಡಾಕೆ ಆಗ್ಲಿಲ್ಲ ಕಣಮ್ಮ."

ನಾಚಿಕೆಯನ್ನು ನಾನು ಸಿಟ್ಟು ಅಂತ ಓದಿಕೊಂಡಿದ್ದೆ. ತಿಳಿದ ಕೂಡಲೇ ಅಪ್ಪನ ಮೇಲೆ ಕರುಣೆ ಉಕ್ಕಿತು ಅಂತ ಬರೆದರೆ ಚೆನ್ನಾಗಿರುತ್ತದೆ, ಆದರೆ ಉಕ್ಕಿದ್ದು ರೋಷ. ಮೂರು ದಿನದ ತಪ್ಪಿಗೆ ಹನ್ನೊಂದು ತಿಂಗಳು ನನ್ನನ್ನು ಸುಟ್ಟೆಯಲ್ಲ ಅಂತ ಶುರು ಮಾಡಿದವಳು ಅರ್ಧ ಗಂಟೆ ಬಿಡಲಿಲ್ಲ. ತಟ್ಟೆ ನೋಡುತ್ತಾ ಉಂಡದ್ದು, ಕೋಟಿನ ಮಾತು ನಿಲ್ಲಿಸಿದ್ದು, ನಲ್ಲಿ ಹತ್ತಿರದ ಮುದುಕಿ, ಎಲ್ಲವನ್ನೂ ಅವನ ಮುಖಕ್ಕೆ ಎಸೆದೆ. ಅಳುತ್ತಾ ಎಸೆದೆ. ಅಪ್ಪ ಕೈ ಕಟ್ಟಿಕೊಂಡು, ಪಾಠ ಒಪ್ಪಿಸುವವನ ಹಾಗೆ, "ಊಂ. ಇನ್ನೂ ಯೋಳು" ಅನ್ನುತ್ತಿದ್ದ. ಕೇಳುತ್ತಾ ಕೇಳುತ್ತಾ ಅವನ ಗಡ್ಡದ ಮೇಲೆ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಡಾಕ್ಟರಮ್ಮ ಕನ್ನಡಕ ತೆಗೆದು ಸೆರಗಿನಿಂದ ಉಜ್ಜುತ್ತಾ ಕೂತಿದ್ದರು.

ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಇನ್ನೂ ನಾಲ್ಕು ತಿಂಗಳು ಆ ರೈಲು ಹತ್ತಿದ್ದೇವೆ. ಚೀಟಿಯ ಮೂರನೇ ಗೆರೆಯ ಮೇಲೆ ಅಪ್ಪ ಅಂತ ನಾನೇ ಬರೆದೆ. ಅಮ್ಮನನ್ನೂ ಬರಹೇಳಿದರು, ಒಂದೆರಡು ಸಲ ಬಂದಳು. ಆದರೂ ಕೆಲವು ಬೆಳಿಗ್ಗೆ ಆ ಹಳೆಯ ಯೋಚನೆ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಅಪ್ಪ ಮನೆಯಲ್ಲಿದ್ದರೆ ಹೇಳಿಕೊಳ್ಳುತ್ತಿದ್ದೆ. ಶಿಫ್ಟಿಗೆ ಹೊರಟಿದ್ದರೆ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಡಾಕ್ಟರಮ್ಮನ ಕೋಣೆಯಲ್ಲಿ ಬಿಟ್ಟ ಕಟ್ಟಳೆ ನಮ್ಮ ಹೊಸ್ತಿಲಲ್ಲಿ ಹಾಗೇ ಕೂತಿತ್ತು.

ಅಂಥದೇ ಒಂದು ದಿನ. ಅಪ್ಪನಿಗೆ ಬೆಳಗಿನ ಶಿಫ್ಟು. ನಾನು ಬಚ್ಚಲಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದೆ. ಅಪ್ಪ ಟೋಪಿ ಹಾಕಿಕೊಂಡು ಬಂದು ಆಚೆ ನಿಂತ.

"ಅಳು ಬಂದೈತಾ?"

"ಇಲ್ಲ."

"ಬಂದೈತೆ. ಆಚೆ ಬಾ, ನನ್ ಮುಂದೆ ಅಳು."

"ಬ್ಯಾಡಪ್ಪ, ನೀನು ಇಳಿಯೋನು."

"ಅದ್ಕೇ ಯೋಳ್ತಾ ಇರೋದು," ಅಂದ.

ಹೋಗಿ ಹೊಸ್ತಿಲ ಮೇಲೆ ಕೂತ. ಹೊಸ್ತಿಲ ಮೇಲೆ ಕೂರುವುದೇ ಒಂದು ಅಪಶಕುನ, ಮೇಲೆ ಇದು. ಅಮ್ಮ, "ಏನಾಗೈತೆ ನಿಮ್ಗೆ" ಅಂತ ಹಣೆ ಬಡಿದುಕೊಂಡಳು. ಅಮ್ಮನ ಕಡೆ ಕೈ ಎತ್ತಿ ಸುಮ್ಮನಿರಿಸಿ, ನನ್ನನ್ನು ಎಳೆದು ಪಕ್ಕದಲ್ಲಿ ಕೂರಿಸಿ, "ಯೋಳು" ಅಂದ. ನನಗೆ ತಡೆಯಲಾಗಲಿಲ್ಲ. ಇಡೀ ಲೈನಿಗೆ ಕೇಳುವ ಹಾಗೆ ಅತ್ತೆ. ನಾಲ್ಕು ಬಾಗಿಲು ತೆರೆದವು. ಅವನು ಊಂ ಅನ್ನುತ್ತಾ, ಇನ್ನೂ ಯೋಳು ಅನ್ನುತ್ತಾ ಪೂರ್ತಿ ಕೇಳಿಸಿಕೊಂಡ. ಶಿಫ್ಟಿನ ಸೈರನ್ನು ಕೂಗಿದಾಗ ಎದ್ದು ಪಂಚೆ ಕೊಡವಿಕೊಂಡ.

"ಅತ್ತು ಕಳಿಸ್ತಾ ಇದ್ದೀಯ. ಈಗ ನಾನು ಓಗಿ, ಬಂದು ತೋರಿಸ್ತೀನಿ," ಅಂದು ಹೋದ.

ಆ ದಿನ ನನ್ನ ಕಣ್ಣು ಹಲಗೆಯ ಮೇಲಿನ ಪಾತ್ರೆಗಳನ್ನು ಬಿಟ್ಟು ಕದಲಲಿಲ್ಲ. ಅಕ್ಕ ಬಂದು ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿದಳು. ಪಾತ್ರೆಗಳು ಅಲ್ಲಾಡಲಿಲ್ಲ. ಬೆಳಗಿನ ಶಿಫ್ಟಿನವರು ಮೂರೂವರೆಗೆಲ್ಲ ಮನೆ ಸೇರುತ್ತಾರೆ. ಮೂರೂವರೆ ಆಯಿತು. ಒಬ್ಬೊಬ್ಬರೇ ಬಂದು ತಮ್ಮತಮ್ಮ ಬಾಗಿಲು ಹೊಕ್ಕರು. ನಾಲ್ಕಾಯಿತು. ಅಪಘಾತದ ಸೈರನ್ನು ಕೂಗಿಲ್ಲ ಅಂತ ಅಕ್ಕ ಹತ್ತು ಸಲ ಹೇಳಿದಳು. ನಾಲ್ಕೂವರೆ ಆಯಿತು. ಅಕ್ಕ ಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು, ಆವತ್ತಿನ ಹಾಗೇ, ಗಟ್ಟಿಯಾಗಿ.

ಅಪ್ಪ ಬಂದದ್ದು ಗಣಿಯ ದಾರಿಯಿಂದಲ್ಲ, ಆಂಡರ್ಸನ್‌ಪೇಟೆಯ ದಾರಿಯಿಂದ. ಮುಖದ ಮೇಲೆ ಬೂದುಬಣ್ಣದ ಧೂಳು, ಕೈಯಲ್ಲಿ ಕಾಗದದ ಪೊಟ್ಟಣ. ತಲೆಯ ಮೇಲೆ ಕೈಯಿಟ್ಟು ಪೊಟ್ಟಣ ಕೊಟ್ಟ.

"ತಗಳ್ಳವ್ವಾ ಟೈಲರಮ್ಮ. ಅವನು ಸಂಜೆ ತತ್ತೀನಿ ಅಂದಿದ್ನಲ್ಲ."

ನನ್ನ ಕತ್ತರಿ. ಸಾಣೆಯವನಿಗೆ ಅದು ಯಾರದು ಅಂತ ಗೊತ್ತಿತ್ತು. ಸಾವಿನ ಮನೆಗೆ ತಂದುಕೊಡುವ ಧೈರ್ಯ ಅವನಿಗಿರಲಿಲ್ಲ, ಮಾರುವ ಮನಸ್ಸೂ ಆಗಿರಲಿಲ್ಲ. ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿ ಮೊಳೆಗೆ ನೇತುಹಾಕಿದ್ದನಂತೆ.

ನಾನು ಮೊದಲು ಮಾಡಿದ ಕೆಲಸ ಬೈದದ್ದು. ಬುದ್ಧಿ ಐತಾ ನಿಂಗೆ, ಇವತ್ತೇ ಓಗ್ಬೇಕಾಗಿತ್ತಾ, ಇಲ್ಲಿ ನಾನು ಬದುಕಿದ್ದೀನೋ ಇಲ್ವೋ ಅಂತ ಒಂದು ಸಲವಾದ್ರೂ ನೆನೆಸ್ಕಂಡ್ಯಾ ಅಂತ ಬೀದಿಯಲ್ಲೇ ನಿಂತು ಕೂಗಾಡಿದೆ. ಅಪ್ಪ, "ಊಂ, ಇನ್ನೂ ಯೋಳು" ಅಂದ. ಅಕ್ಕ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು, ಆಮೇಲೆ ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಒಳಗೆ ಹೋಗಿ ಊಟಕ್ಕಿಟ್ಟೆ. ಅವನು ನನ್ನ ಮುಖ ನೋಡುತ್ತಾ ಉಂಡ.

ಡಾಕ್ಟರಮ್ಮನಿಗೆ ಈ ಸಾಹಸ ಹೇಳಿದಾಗ ಅವರು ಮೆಚ್ಚಲಿಲ್ಲ. ಚೆನ್ನಾಗಿ ಬೈದರು. "ಇದನ್ನು ನಾನು ಹೇಳಿಕೊಟ್ಟಿರಲಿಲ್ಲ ಯಜಮಾನ್ರೇ. ಆವತ್ತೇ ಗಣಿಯಲ್ಲಿ ಏನಾದರೂ ಆಗಿದ್ದರೆ ಈ ಹುಡುಗಿಯ ಗತಿ?" ಅಂದರು. ಅಪ್ಪ ತಲೆ ತಗ್ಗಿಸಿ ಕೂತ. ಅವರ ಮಾತು ಸರಿಯೇ. ಆದರೆ ಅಲ್ಲಿಂದ ಮುಂದೆ ನಮ್ಮ ಹೊಸ್ತಿಲಲ್ಲಿ ಅಳುವುದಕ್ಕೆ ಯಾರೂ ಹೊತ್ತು ನೋಡಲಿಲ್ಲ. ಸೀಸೆಯನ್ನು ನಾನು ಮಿಷನ್ನಿನ ಎಣ್ಣೆಗೆ ಇಟ್ಟುಕೊಂಡೆ.

ಅರವತ್ತರ ದಶಕದಲ್ಲಿ ನನಗೆ ಬಂಗಾರಪೇಟೆಗೇ ಮದುವೆಯಾಯಿತು. ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಹೊಲಿಗೆ ಅಂಗಡಿ ಇಟ್ಟೆ. ಡಾಕ್ಟರಮ್ಮನ ಹಿಂದಿನ ಕೋಣೆಗೆ ಬರುವ ಹೆಂಗಸರು ಕೆಲವರು ಒಳಗೆ ಹೋಗಲು ಅಂಜಿ ನನ್ನ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದರು. ನಾನು ಡಾಕ್ಟರಲ್ಲ, ಮದ್ದು ಗೊತ್ತಿಲ್ಲ. ಯಾರಿಗೆ ಹೇಳಿದ್ದೀಯ ಅಂತ ಕೇಳುತ್ತಿದ್ದೆ, ಕೇಳಿಸಿಕೊಳ್ಳುತ್ತಿದ್ದೆ, ಕೈ ಹಿಡಿದು ಆ ಬಾಗಿಲ ತನಕ ಬಿಟ್ಟು ಬರುತ್ತಿದ್ದೆ.

ಗಣಿಯ ಕೆಲಸ ಮುಗಿಸಿದ ಮೇಲೆ ಅಪ್ಪ ಆಗಾಗ ರೈಲಿನಲ್ಲಿ ಬಂದು ಅದೇ ಬೆಂಚಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಒಂದು ಮಧ್ಯಾಹ್ನ ಬಟ್ಟೆ ಕತ್ತರಿಸುತ್ತಾ ಸುಮ್ಮನೆ ಕೇಳಿದೆ.

"ಅಪ್ಪ, ಆವತ್ತು ಅಳಿಸ್ಕಂಡು ಇಳಿದ್ಯಲ್ಲ, ನಿಂಗೆ ಎದ್ರಿಕೆ ಆಗ್ಲಿಲ್ವಾ?"

"ಆಗ್ದೆ ಇರ್ತದಾ? ಇಳಿಸೋ ಕೇಜಲ್ಲಿ ಕಂಬಿ ಇಡ್ಕಂಡೋನು ಬಿಡ್ಲಿಲ್ಲ."

"ನಾನು ಅತ್ತಿದ್ದಕ್ಕಾ?"

"ಅದಕ್ಕಲ್ಲ ಕಣಮ್ಮ. ಸಾವು ಗಣಿಯೋನಿಗೆ ಒಸ್ದಾ?" ಅಂದ. ಬೀಡಿ ಆರಿಹೋಗಿತ್ತು, ಮತ್ತೆ ಹಚ್ಚಲಿಲ್ಲ. "ನಾನು ಮ್ಯಾಲೆ ಬರ್ದೆ ಓದ್ರೆ, ನೀನು ನಿನ್ನಿಂದಾನೇ ಅಂದ್ಕಂಡ್ಬಿಡ್ತೀಯಲ್ಲಾ ಅಂತ. ಆವತ್ತು ಒಂದೊಂದು ದಿಮ್ಮೀನೂ ಎರಡೆರಡು ಸಲ ತಟ್ಟಿ ನೋಡ್ದೆ. ಮ್ಯಾಲೆ ಬರೋಗಂಟ ಅದೊಂದೇ ಗ್ಯಾನ."

ನಾನು ಕತ್ತರಿ ಕೆಳಗಿಟ್ಟು ಅವನ ಪಕ್ಕ ಹೋಗಿ ಕೂತೆ.

"ಊಂ," ಅಂದೆ. "ಇನ್ನೂ ಯೋಳು."